ಹಳೇ ಸ್ಯಾಂಟ್ರೋದಲ್ಲಿ ಮೊದಲು ಕೈಕೊಡುವುದು ರಬ್ಬರ್

ಹ್ಯುಂಡೈ ಕಂಪನಿಯ ಹಳೇ ಸ್ಯಾಂಟ್ರೋ ಕಾರು ಇಟ್ಟುಕೊಂಡವರಿಗೆಲ್ಲ ಎಂಜಿನ್ ಬೋರಿಗೆ, ಅಂದರೆ ಸಿಲಿಂಡರ್ ಸವೆದು ಕೊರೆಸುವ ಹಂತಕ್ಕೆ, ಬಂದುಬಿಟ್ಟರೆ ಏನು ಗತಿ ಎಂಬುದೇ ದೊಡ್ಡ ಚಿಂತೆ. 1086 ಸಿಸಿಯ ಆ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್ನಿಗೆ ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿ, ಬಿಸಿ ಏರದಂತೆ ನೋಡಿಕೊಂಡರೆ ಅದು ತನ್ನ ಪಾಡಿಗೆ ಓಡುತ್ತದೆ. ನನ್ನ 2009ರ ಸ್ಯಾಂಟ್ರೋ ಜಿಂಗ್‌ಗೆ ಇಷ್ಟು ವರ್ಷದಲ್ಲಿ ಹಾಕಿದ ಸಾಮಾನಿನ ಪಟ್ಟಿ ತೆಗೆದು ನೋಡಿದರೆ ಮುಕ್ಕಾಲು ಪಾಲು ರಬ್ಬರಿನದೇ: ಬೆಲ್ಟ್, ಹೋಸ್, ಬುಷ್, ಬೂಟ್, ಮೌಂಟ್, ಬ್ರೇಕಿನ ಕಪ್ (ಬಟ್ಟಲಿನಂಥ ಸೀಲ್), ಬಾಗಿಲ ಬೀಡಿಂಗ್ (ಅಂಚಿನ ರಬ್ಬರ್ ಪಟ್ಟಿ).

ಮೊದಲ ಸ್ಯಾಂಟ್ರೋ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಕಾರ್ಖಾನೆಯಿಂದ ಬಂದದ್ದು 1998ರಲ್ಲಿ. ಜಿಂಗ್ ಬಂದದ್ದು 2003ರಲ್ಲಿ, ತಯಾರಿಕೆ ನಿಂತದ್ದು 2014ರ ಕೊನೆಗೆ. 2018ರಲ್ಲಿ ಅದೇ ಹೆಸರಿನಲ್ಲಿ ಬಂದದ್ದು ಪೂರ್ತಿ ಬೇರೆ ಗಾಡಿ. ಅಂದರೆ ಇವತ್ತು ರಸ್ತೆ ಮೇಲಿರುವ ಅತಿ ಎಳೆಯ ಜಿಂಗ್‌ಗೂ ಹತ್ತು ವರ್ಷ ದಾಟಿದೆ. ರಬ್ಬರು ಓಡಿದ ಕಿಲೋಮೀಟರ್ ಲೆಕ್ಕ ಇಡುವುದಿಲ್ಲ, ವರ್ಷದ ಲೆಕ್ಕ ಇಡುತ್ತದೆ. ಶೆಡ್ಡಿನಲ್ಲಿ ನಿಂತೇ ಇದ್ದರೂ ಬಿಸಿಲು, ಗಾಳಿ ತಾಗಿ ಬಿರುಸಾಗುತ್ತದೆ, ಆಯಿಲ್ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. "ಡಾಕ್ಟರ್ ಗಾಡಿ, ಬರೀ 40,000 ಓಡಿದೆ" ಎಂದು ಯಾರಾದರೂ ಮಾರಲು ಬಂದರೆ ಒಂದು ಪೂರ್ತಿ ಸೆಟ್ ರಬ್ಬರಿನ ಖರ್ಚನ್ನು ಬೆಲೆಯಲ್ಲಿ ಕಳೆದೇ ಮಾತಾಡಿ.

ಟೈಮಿಂಗ್ ಬೆಲ್ಟಿನಿಂದ ಶುರು ಮಾಡೋಣ. ಈ ಎಂಜಿನ್ನಿನಲ್ಲಿ ಇರುವುದು ಚೈನಲ್ಲ, ಹಲ್ಲಿನ ರಬ್ಬರ್ ಬೆಲ್ಟ್. ಅದು ಹರಿದರೆ ವಾಲ್ವ್ ತೆರೆಯುವ ಕ್ಯಾಮ್ ನಿಂತುಬಿಡುತ್ತದೆ, ಪಿಸ್ಟನ್ ಆಡಿಸುವ ಕ್ರ್ಯಾಂಕ್ ತಿರುಗುತ್ತಲೇ ಇರುತ್ತದೆ, ಪಿಸ್ಟನ್ ಮೇಲೆ ಬಂದು ತೆರೆದ ವಾಲ್ವಿಗೆ ಬಡಿಯುತ್ತದೆ. ವಾಲ್ವ್ ಬಾಗಿತೆಂದರೆ ಹೆಡ್, ಅಂದರೆ ಎಂಜಿನ್ನಿನ ಮೇಲ್ಭಾಗ, ಇಳಿಸಲೇಬೇಕು. ನಾನು 60,000 ಕಿ.ಮೀ. ಅಥವಾ 5 ವರ್ಷ, ಯಾವುದು ಮೊದಲೋ ಆಗ ಬದಲಿಸುತ್ತೇನೆ. ಕಡಿಮೆ ಓಡಿಸುವವರಿಗೆ 5 ವರ್ಷವೇ ಮೊದಲು ಬರುತ್ತದೆ, ಅವರೇ ಇದನ್ನು ಮರೆಯುವುದೂ ಹೆಚ್ಚು. ಹಳೇ ಗಾಡಿ ಕೊಂಡಿದ್ದು, ಬೆಲ್ಟ್ ಯಾವಾಗ ಹಾಕಿದ್ದೆಂದು ಬಿಲ್ ಇಲ್ಲದಿದ್ದರೆ ಹಾಕಿಲ್ಲ ಎಂದೇ ತಿಳಿಯಿರಿ.

ಬೆಲ್ಟ್ ಒಂದನ್ನೇ ಹಾಕಿಸಿ ಮುಗಿಸಬೇಡಿ. ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಬೇರಿಂಗನ್ನು ಕೈಯಲ್ಲಿ ತಿರುಗಿಸಿ ನೋಡಿ. ಗರಗರ ಅಂದರೂ ಸರಿ, ಗ್ರೀಸ್ ಒಣಗಿ ಸಲೀಸಾಗಿ ಗಿರಗಿರ ತಿರುಗುತ್ತಲೇ ಇದ್ದರೂ ಸರಿ, ಬದಲಿಸಬೇಕು. ಕ್ಯಾಮ್ ಮತ್ತು ಕ್ರ್ಯಾಂಕಿನ ಮುಂದಿನ ಆಯಿಲ್ ಸೀಲ್ ಎರಡನ್ನೂ ಅದೇ ಹೊತ್ತಿಗೆ ಹಾಕಿಸಿ. ಸೀಲ್ ಸೋರಿ ಬೆಲ್ಟ್ ಮೇಲೆ ಆಯಿಲ್ ಬಿದ್ದರೆ ಹೊಸ ಬೆಲ್ಟೂ ಉಬ್ಬಿ ಹಲ್ಲು ಕಳಚುತ್ತದೆ. ವಾಟರ್ ಪಂಪಿನ ಸುತ್ತ ಕೂಲೆಂಟ್ ಒಣಗಿ ಬಿಳಿ ಅಥವಾ ಹಸಿರು ಕಲೆ ಕಟ್ಟಿದ್ದರೆ ಅದನ್ನೂ ಆಗಲೇ ಬದಲಿಸಿಬಿಡಿ, ಎರಡು ಸಲ ಬಿಚ್ಚುವ ಕೂಲಿ ಉಳಿಯುತ್ತದೆ.

ಹೊಸ ಬೆಲ್ಟ್ ಕೂತ ಮೇಲೆ ಕೀ ಹಾಕುವ ಮೊದಲು ಒಂದು ಕೆಲಸ ಉಂಟು. ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಕೊಟ್ಟು, ಎಂಜಿನ್ ತಿರುಗುವ ದಿಕ್ಕಿನಲ್ಲೇ ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಬೇಕು. ಕ್ರ್ಯಾಂಕ್ ಎರಡು ಸುತ್ತಿದರೆ ಕ್ಯಾಮ್ ಒಂದು ಸುತ್ತು. ಆಮೇಲೂ ಕ್ಯಾಮ್, ಕ್ರ್ಯಾಂಕ್ ಎರಡರ ಟೈಮಿಂಗ್ ಗುರುತೂ ತಮ್ಮ ತಮ್ಮ ಜಾಗಕ್ಕೆ ಬಂದು ಕೂತರೆ ಸರಿ. ಒಂದು ಹಲ್ಲು ಆಚೀಚೆ ಆಗಿದ್ದರೂ ಗಾಡಿ ಸ್ಟಾರ್ಟ್ ಆದೀತು, ಆದರೆ ಎಳೆತ ಇರುವುದಿಲ್ಲ, ಐಡ್ಲಿಂಗ್ ನಡುಗುತ್ತದೆ. ತಿರುಗಿಸುವಾಗ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ, ವಾಲ್ವ್ ತಾಗುತ್ತಿದೆ ಎಂದರ್ಥ. ಈ ಎರಡು ಸುತ್ತನ್ನು ಮೆಕ್ಯಾನಿಕ್ ನನ್ನ ಕಣ್ಣೆದುರೇ ತಿರುಗಿಸಬೇಕು ಎಂದು ಮೊದಲೇ ಹೇಳಿಬಿಡುತ್ತೇನೆ. ಐದು ನಿಮಿಷದ ಕೆಲಸಕ್ಕೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಇನ್ನು ನೀರಿನ ಕಡೆ. ಎಂಜಿನ್ ಕೆಟ್ಟಿತೆನ್ನುವ ಹಳೇ ಸ್ಯಾಂಟ್ರೋಗಳ ಹಿಂದೆ ನಾನು ಕಂಡ ಹಾಗೆ ಒಂದು ಹೋಸ್ ಪೈಪೋ ಕ್ಲಾಂಪೋ ತಿರುಗದ ಫ್ಯಾನೋ ಇದ್ದೇ ಇರುತ್ತದೆ. ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರಿನ ಮೇಲಿನ ಹೋಸ್ ಮತ್ತು ಕೆಳಗಿನ ಹೋಸನ್ನು ಕ್ಲಾಂಪ್ ಹತ್ತಿರ ಹಿಂಡಿ ನೋಡಿ. ಒಳ್ಳೆ ಹೋಸ್ ಒತ್ತಿದರೆ ತಗ್ಗಿ, ಬಿಟ್ಟ ಕೂಡಲೇ ಎದ್ದು ಬರುತ್ತದೆ. ಕಟ್ಟಿಗೆಯ ಹಾಗೆ ಬಿರುಸಾಗಿದ್ದರೆ ಅದರ ಆಯಸ್ಸು ಮುಗಿದಿದೆ. ನೆನೆದ ರೊಟ್ಟಿಯ ಹಾಗೆ ಮೆತ್ತಗಾಗಿದ್ದರೆ ಒಳಗೆ ಆಯಿಲ್ ತಾಗಿದೆ ಅಥವಾ ಒಳಪದರ ಬಿಟ್ಟಿದೆ. ಹೀಟರಿಗೆ ಹೋಗುವ ಎರಡು ಸಣ್ಣ ಹೋಸ್ ಹಿಂದೆ ಮರೆಯಲ್ಲಿರುವುದರಿಂದ ಯಾರೂ ನೋಡುವುದಿಲ್ಲ. ಅವನ್ನೂ ಟಾರ್ಚ್ ಬಿಟ್ಟು ನೋಡಿ.

ಕೂಲೆಂಟಿಗೆ ಬೋರ್‌ವೆಲ್ ನೀರು ಬೆರೆಸಲೇಬೇಡಿ. ಕೋಲಾರ, ಚಿತ್ರದುರ್ಗದ ಕಡೆಯ ಗಡಸು ನೀರು ಪಾತ್ರೆಯಲ್ಲಿ ಬಿಡುವ ಬಿಳಿ ಕಿಟ್ಟ ರೇಡಿಯೇಟರಿನ ಸಣ್ಣ ನಾಳಗಳಲ್ಲೂ ಕಟ್ಟುತ್ತದೆ. ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್. ಬ್ಯಾಟರಿಗೆ ಹಾಕುವ ನೀರೇ ಸಾಕು. ತುಂಬಿದ ಮೇಲೆ ಎಸಿ ಆರಿಸಿ, ಹೀಟರ್ ತೆರೆದು, ರೇಡಿಯೇಟರ್ ಕ್ಯಾಪ್ ತೆರೆದಿಟ್ಟೇ ಐಡ್ಲಿಂಗ್‌ನಲ್ಲಿ ಬಿಡಿ. ಗುಳ್ಳೆ ಬರುವುದು ನಿಲ್ಲುವವರೆಗೆ ತುಸು ತುಸು ಸುರಿಯುತ್ತಾ ಹೋಗಿ. ಒಳಗೆ ಗಾಳಿ ಉಳಿದರೆ ಬಿಸಿ ತೋರಿಸುವ ಸೂಜಿ ಸುಳ್ಳು ಹೇಳುತ್ತದೆ. ಆಮೇಲೆ ಕ್ಯಾಪ್ ಮುಚ್ಚಿ, ಫ್ಯಾನ್ ತಾನಾಗಿ ಶುರುವಾಗಿ ತಾನಾಗಿ ನಿಲ್ಲುವುದನ್ನು ಒಂದು ಸಲವಾದರೂ ಕಣ್ಣಾರೆ ನೋಡಿ. ಎಸಿ ಹಾಕಿದಾಗ ಫ್ಯಾನ್ ತಿರುಗುತ್ತದೆ ಎಂಬುದು ಇದಕ್ಕೆ ಸಾಕ್ಷಿಯಾಗದು.

ಬಿಸಿಯಾಗುತ್ತದೆಂದು ಥರ್ಮೋಸ್ಟಾಟನ್ನೇ ಕಿತ್ತು ಹಾಕುವ ರೂಢಿ ಕೆಲವು ಗ್ಯಾರೇಜ್‌ಗಳಲ್ಲಿದೆ. ಅದನ್ನು ಒಪ್ಪಬೇಡಿ. ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಬೆಳಗ್ಗೆ ತುಂಬ ಹೊತ್ತು ತಣ್ಣಗೇ ಇರುತ್ತದೆ, ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಹೆಚ್ಚು ಪೆಟ್ರೋಲ್ ಕೊಡುತ್ತಲೇ ಇರುತ್ತದೆ, ಮೈಲೇಜ್ ಬೀಳುತ್ತದೆ. ಬಿಸಿಯಾಗಲು ನಿಜವಾದ ಕಾರಣ ಮಾತ್ರ ಹಾಗೇ ಉಳಿಯುತ್ತದೆ.

ದಾರಿಯಲ್ಲಿ ಸೂಜಿ ಮೇಲೇರಿದರೆ ಎಸಿ ಆರಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರು ಮಾಡಿ, ಪಕ್ಕಕ್ಕೆ ನಿಲ್ಲಿಸಿ ಆಫ್ ಮಾಡಿ. ಅರ್ಧ ಗಂಟೆಯಾದರೂ ಕ್ಯಾಪ್ ಮುಟ್ಟಬೇಡಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುತ್ತದೆ. ಮರುದಿನ ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ, ಗಾಡಿ ಮತ್ತೆ ಸ್ಟಾರ್ಟ್ ಮಾಡಬೇಡಿ.

ಮುಂದಿನ ಸಸ್ಪೆನ್ಷನ್‌ನಲ್ಲಿ ಲೋವರ್ ಆರ್ಮಿನ (ಚಕ್ರವನ್ನು ಬಾಡಿಗೆ ಜೋಡಿಸುವ ಕೆಳಗಿನ ತೋಳಿನ) ಬುಷ್ ಮೊದಲು ಹೋಗುತ್ತದೆ. ಬ್ರೇಕ್ ಒತ್ತಿದಾಗ ಕೆಳಗಿನಿಂದ "ಟಕ್" ಎಂದು ಒಂದೇ ಸಲ ಸದ್ದು ಬಂದರೆ ಬುಷ್ ಮೇಲೆ ಅನುಮಾನ ಪಡಿ. ಸಣ್ಣ ಸಣ್ಣ ಗುಂಡಿಯಲ್ಲಿ "ಕಟಕಟ" ಅಂದರೆ ಸ್ಟೆಬಿಲೈಸರ್ ಲಿಂಕ್ ರಾಡ್ ನೋಡಿ. ಜಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು, ಚಕ್ರವನ್ನು 12 ಗಂಟೆ ಮತ್ತು 6 ಗಂಟೆಯ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಆಟ, ಅಂದರೆ ಸಡಿಲ, ಸಿಕ್ಕರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್. 3 ಮತ್ತು 9ರ ಜಾಗದಲ್ಲಿ ಮಾತ್ರ ಆಟ ಇದ್ದರೆ ಟೈ ರಾಡ್ ಎಂಡ್.

ಹೊಸ ಬುಷ್ ಹಾಕಿ ಆರೇ ತಿಂಗಳಿಗೆ ಮತ್ತೆ ಹರಿಯಿತು ಎನ್ನುವವರು ಸಾಮಾನನ್ನು ಬೈಯುತ್ತಾರೆ. ತಪ್ಪು ಅನೇಕ ಸಲ ಬೋಲ್ಟ್ ಬಿಗಿದ ರೀತಿಯಲ್ಲಿರುತ್ತದೆ. ಗಾಡಿ ಜಾಕ್ ಮೇಲಿದ್ದು ಚಕ್ರ ಕೆಳಗೆ ಜೋತಾಡುವಾಗಲೇ ಬುಷ್ ಬೋಲ್ಟನ್ನು ಪೂರ್ತಿ ಬಿಗಿದರೆ ರಬ್ಬರ್ ಆ ಭಂಗಿಯಲ್ಲೇ ಕಚ್ಚಿಕೊಳ್ಳುತ್ತದೆ. ಗಾಡಿ ಇಳಿಸಿದ ಕೂಡಲೇ ಆರ್ಮ್ ಮೇಲೇರುತ್ತದೆ, ರಬ್ಬರ್ ತಿರುಚಿಕೊಂಡೇ ಕೂರುತ್ತದೆ, ಪ್ರತಿ ಗುಂಡಿಗೂ ಇನ್ನಷ್ಟು ತಿರುಚುತ್ತದೆ. ಬೋಲ್ಟನ್ನು ಕೈಬಿಗಿ ಮಾಡಿ, ಗಾಡಿಯನ್ನು ನಾಲ್ಕೂ ಚಕ್ರದ ಮೇಲೆ ಇಳಿಸಿ, ಬಾನೆಟ್ ಹಿಡಿದು ಎರಡು ಸಲ ಕುಲುಕಿ, ಆಮೇಲೆ ಅಡಿಗೆ ಹೋಗಿ ಪೂರ್ತಿ ಬಿಗಿಯಬೇಕು. ಗ್ಯಾರೇಜಿನ ಪಿಟ್ (ಗಾಡಿಯ ಅಡಿಗೆ ಇಳಿಯುವ ಹೊಂಡ) ಮೇಲಾದರೆ ಸುಲಭ. ಅದಾದ ಮೇಲೆ ವೀಲ್ ಅಲೈನ್‌ಮೆಂಟ್ ಕಡ್ಡಾಯ.

ಆಕ್ಸೆಲ್ ಜಾಯಿಂಟನ್ನು ಮುಚ್ಚುವ ರಬ್ಬರ್ ಚೀಲ, ಅಂದರೆ ಆಕ್ಸೆಲ್ ಬೂಟ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಚಕ್ರದ ಒಳಮೈಗೆ ಕರಿ ಗ್ರೀಸ್ ಸಿಡಿದಿದ್ದರೆ ಬೂಟ್ ಹರಿದಿದೆ. ಆಗಲೇ ಬೂಟ್ ಕಿಟ್ ಹಾಕಿ, ಹಳೇ ಗ್ರೀಸ್ ಪೂರ್ತಿ ತೊಳೆದು ಹೊಸತು ತುಂಬಿಸಿದರೆ ಕೆಲವು ನೂರು ರೂಪಾಯಿಯಲ್ಲಿ ಮುಗಿಯುತ್ತದೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ "ಕಟ್ ಕಟ್" ಶುರುವಾಗಿದ್ದರೆ ಮಣ್ಣು ಒಳಗೆ ಹೋಗಿ ಜಾಯಿಂಟೇ ಸವೆದಿದೆ, ಬೂಟ್ ಹಾಕಿ ಪ್ರಯೋಜನವಿಲ್ಲ.

ಹಿಂದಿನ ಡ್ರಮ್ ಬ್ರೇಕಿನೊಳಗೆ ವೀಲ್ ಸಿಲಿಂಡರಿನ ರಬ್ಬರ್ ಕಪ್ ಇದೆ. ವರ್ಷಕ್ಕೊಮ್ಮೆ ಡ್ರಮ್ ತೆಗೆದು ಸಿಲಿಂಡರಿನ ಡಸ್ಟ್ ಕವರನ್ನು ಉಗುರಿನಲ್ಲಿ ಮೆಲ್ಲಗೆ ಎತ್ತಿ. ಒಳಗೆ ಒದ್ದೆ ಇದ್ದರೆ ಸೋರಲು ಶುರುವಾಗಿದೆ, ಲೈನರ್ ನೆನೆಯುವ ಮೊದಲೇ ಬದಲಿಸಿ. ಬ್ರೇಕ್ ಆಯಿಲ್ ಗಾಳಿಯಿಂದ ನೀರು ಹೀರುತ್ತದೆ, ಅದಕ್ಕೇ 2 ವರ್ಷಕ್ಕೊಮ್ಮೆ ಪೂರ್ತಿ ಹೊಸತು ಹಾಕಿಸುತ್ತೇನೆ. ಬ್ರೇಕಿನ ರಬ್ಬರನ್ನು ಪೆಟ್ರೋಲ್, ಡೀಸೆಲ್‌ನಲ್ಲಿ ತೊಳೆಯಲು ಯಾರಿಗೂ ಬಿಡಬೇಡಿ. ಉಬ್ಬಿ ಸಿಲಿಂಡರಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ತೊಳೆಯಲು ಬ್ರೇಕ್ ಆಯಿಲೇ ಸರಿ. ಮುಂದಿನ ಬ್ರೇಕ್ ಹೋಸನ್ನು ಬಾಗಿಸಿ ಹಿಡಿದರೆ ಮೇಲ್ಮೈಯಲ್ಲಿ ಸಣ್ಣ ಬಿರುಕು ಬಾಯಿ ಬಿಡುತ್ತದೆ. ಅಷ್ಟು ಕಂಡರೆ ಎರಡೂ ಕಡೆಯದನ್ನು ಬದಲಿಸಿ.

ಮಳೆಗಾಲದಲ್ಲಿ ಕಾರಿನೊಳಗೆ ಕಾಲಿಡುವ ಜಾಗ ಒದ್ದೆಯಾದರೆ ಮೊದಲು ದಿನದ ಲೆಕ್ಕ ಇಡಿ. ಮಳೆಯಿಲ್ಲದೆ, ಎಸಿ ಹಾಕಿದ ದಿನ ಒದ್ದೆಯಾದರೆ ಎಸಿಯ ನೀರು ಹೊರಹೋಗುವ ರಬ್ಬರ್ ನಳಿಕೆ ಕಟ್ಟಿದೆ. ಮಳೆ ಬಂದ ದಿನ ಮಾತ್ರ ಆದರೆ ಬೀಡಿಂಗ್ ಅಥವಾ ವೈಪರ್ ಕೆಳಗಿನ ನೀರುದಾರಿ. ಮಲೆನಾಡಿನಲ್ಲಿ ಮರದ ಕೆಳಗೆ ನಿಲ್ಲಿಸುವ ಗಾಡಿಗಳಲ್ಲಿ ಅಲ್ಲಿ ತರಗೆಲೆ ಕೊಳೆತು ಗೊಬ್ಬರವೇ ಆಗಿರುತ್ತದೆ. ಪ್ರತಿ ಬಾಗಿಲ ಕೆಳಅಂಚಿನಲ್ಲೂ ನೀರಿಳಿಯಲು ಸಣ್ಣ ತೂತುಗಳಿವೆ. ಮಳೆಗಾಲಕ್ಕೆ ಮೊದಲು ಅವಕ್ಕೆ ಬೈಂಡಿಂಗ್ ವೈರ್ ಆಡಿಸಿ. ತುಕ್ಕು ಒಳಗಿನಿಂದ ಶುರುವಾಗಿ ಬಣ್ಣ ಉಬ್ಬಿಸುವುದು ಅಲ್ಲಿಂದಲೇ.

ಈಗ ಬಂಕ್‌ಗಳಲ್ಲಿ ಸಿಗುವ ಇ20 ಪೆಟ್ರೋಲಿನ ವಿಷಯ. ಶೇ. 20 ಎಥನಾಲ್ ಬೆರೆತ ಈ ಪೆಟ್ರೋಲನ್ನು ಮನಸ್ಸಿನಲ್ಲಿಟ್ಟು ಮಾಡಿದ ಗಾಡಿ ಇದಲ್ಲ. ಲೀಟರಿಗೆ ಲೀಟರ್ ಹೋಲಿಸಿದರೆ ಎಥನಾಲಿನ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಡಿಮೆ, ಆದ್ದರಿಂದ ಮೈಲೇಜ್ ಸ್ವಲ್ಪ ಇಳಿಯುವುದು ಸಹಜ. ನನಗೆ ಅದಕ್ಕಿಂತ ಮುಖ್ಯವಾದದ್ದು ಹಳೇ ರಬ್ಬರಿನ ಮೇಲೆ ಅದರ ಪರಿಣಾಮ. ಎಂಜಿನ್ ಹತ್ತಿರದ ಪೆಟ್ರೋಲ್ ಹೋಸ್, ಇಂಜೆಕ್ಟರಿನ ಓ-ರಿಂಗ್, ಟ್ಯಾಂಕ್ ಮೇಲಿನ ಪಂಪಿನ ಸೀಲ್, ಈ ಮೂರನ್ನೂ ಒಂದು ಸಲ ಹೊಸದು ಮಾಡಿಕೊಂಡಿದ್ದೇನೆ. ಹೋಸ್ ಕೊಳ್ಳುವಾಗ ಇಂಜೆಕ್ಷನ್ ಗಾಡಿಯ ಹೋಸೇ ಬೇಕು ಎಂದು ಕೇಳಿ. ಸಾದಾ ಪೆಟ್ರೋಲ್ ಪೈಪ್ ನೋಡಲು ಹಾಗೆಯೇ ಇದ್ದರೂ ಸುಮಾರು 3 ಬಾರ್ ಒತ್ತಡ ತಡೆಯುವುದಿಲ್ಲ. ಬಿಚ್ಚುವ ಮೊದಲು ಫ್ಯುಯೆಲ್ ಪಂಪಿನ ರಿಲೇ ಕಿತ್ತು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಆಮೇಲೆ ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಗಾಡಿ ಹತ್ತಿರ ಪೆಟ್ರೋಲ್ ವಾಸನೆ ಬಂದರೆ ನಾಳೆ ನೋಡೋಣ ಎನ್ನಬೇಡಿ.

ಸಾಮಾನು ಕೊಳ್ಳುವಾಗ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ನಿಮ್ಮೂರಿನ ಅಂಗಡಿಯಲ್ಲಾಗಲಿ ಪ್ಯಾಕೆಟ್ ಮೇಲಿನ ತಯಾರಿಕೆಯ ತಿಂಗಳು ಓದಿ. ಕಪಾಟಿನಲ್ಲಿ ಎಂಟು ವರ್ಷ ಕೂತ ಬೆಲ್ಟ್ ಹೊಸ ಬೆಲ್ಟಲ್ಲ. ಬೆಲ್ಟ್, ಬ್ರೇಕ್ ಕಪ್, ಎಂಜಿನ್ ಮೌಂಟ್ (ಎಂಜಿನ್ ಕೂರುವ ರಬ್ಬರ್) ಇವಕ್ಕೆ ಕಂಪನಿ ಸಾಮಾನೇ ಕೊಳ್ಳುತ್ತೇನೆ. ಅಗ್ಗದ ಮೌಂಟ್ ತೀರಾ ಬಿರುಸಾಗಿದ್ದು, ಎಸಿ ಹಾಕಿದ ಕೂಡಲೇ ಸ್ಟಿಯರಿಂಗ್, ಕನ್ನಡಿ ಎಲ್ಲ ನಡುಗುತ್ತವೆ. ಬೀಡಿಂಗ್, ಮ್ಯಾಟ್, ವೈಪರ್ ಯಾವುದಾದರೂ ನಡೆಯುತ್ತದೆ. ಟಯರಿನ ಪಕ್ಕದಲ್ಲಿ ಉದ್ದದ ಗುರುತಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ರ 23ನೇ ವಾರದ ಟಯರ್. ಹೂವು (ಟಯರಿನ ಮೇಲ್ಮೈಯ ಗೀರು) ಚೆನ್ನಾಗಿದ್ದರೂ ಆರೇಳು ವರ್ಷವಾದ ಟಯರಲ್ಲಿ ನಾನು ಹೈವೇಗೆ ಹೋಗುವುದಿಲ್ಲ.

15 ವರ್ಷಕ್ಕೆ ಆರ್‌ಸಿ ನವೀಕರಣಕ್ಕೆ ಆರ್‌ಟಿಒಗೆ ಹೋಗುವ ಮುನ್ನ ಈ ಕೆಲಸವೆಲ್ಲ ಮುಗಿದಿದ್ದರೆ ಗಾಡಿ ತೋರಿಸಲು ಧೈರ್ಯ. ಅವಧಿ ಮುಗಿಯುವ 60 ದಿನ ಮೊದಲೇ ನಮೂನೆ 25ರಲ್ಲಿ ಅರ್ಜಿ ಹಾಕಬಹುದು. ವಿಮೆ, ಹೊಗೆ ತಪಾಸಣೆ ಚೀಟಿ ಚಾಲ್ತಿಯಲ್ಲಿರಬೇಕು, ಹಸಿರು ತೆರಿಗೆ ಬೇರೆ ಕಟ್ಟಬೇಕು. 2022ರ ಏಪ್ರಿಲ್‌ನಿಂದ ಕಾರಿನ ನವೀಕರಣ ಶುಲ್ಕ 5,000 ರೂಪಾಯಿ. 20 ವರ್ಷ ದಾಟಿದ ಗಾಡಿಗೆ 2025ರ ಆಗಸ್ಟ್‌ನಲ್ಲಿ ಅದನ್ನು 10,000ಕ್ಕೆ ಏರಿಸಿದರು. 2006ರ ಜಿಂಗ್ ಇಟ್ಟುಕೊಂಡವರು ಎರಡನೇ ನವೀಕರಣದ ಹೊಸ್ತಿಲಲ್ಲಿದ್ದಾರೆ. ಆ ಹಣ ಕಟ್ಟುವುದೋ ಬಿಡುವುದೋ ಎಂದು ಯೋಚಿಸುತ್ತಿದ್ದರೆ ಮೊದಲು ಗಾಡಿಯನ್ನು ಪಿಟ್ ಮೇಲೆ ನಿಲ್ಲಿಸಿ, ಅಡಿಗಿಳಿದು ಬಾಡಿಯ ಪಟ್ಟಿ, ಹಿಂದಿನ ಆಕ್ಸೆಲ್ ಕೂರುವ ಜಾಗ, ಸಸ್ಪೆನ್ಷನ್ ಬೋಲ್ಟಿನ ಬುಡವನ್ನು ಸ್ಕ್ರೂ ಡ್ರೈವರ್ ತುದಿಯಿಂದ ಕುಟ್ಟಿ ನೋಡಿ. ತುದಿ ಒಳಗೆ ಹೊಕ್ಕರೆ ಕಟ್ಟಬೇಡಿ. "ಠಣ್" ಎಂದು ಗಟ್ಟಿ ಸದ್ದು ಬಂದರೆ ಕಟ್ಟಿ. ಉಳಿದದ್ದು ರಬ್ಬರ್, ಅದು ಅಂಗಡಿಯಲ್ಲಿ ಸಿಗುತ್ತದೆ.