ನಾಣ್ಯ ಮೇಳದಲ್ಲಿ ಒಂದು ದಿನ: ಏನು ಒಯ್ಯಬೇಕು, ಹೇಗೆ ನೋಡಬೇಕು, ಎಲ್ಲಿ ಮೋಸ ಹೋಗುತ್ತೇವೆ

ಬೆಂಗಳೂರಿನಲ್ಲಿ ನಡೆಯುವ ದೊಡ್ಡ ನಾಣ್ಯ–ನೋಟು ಮೇಳಕ್ಕೆ ಮೊದಲ ಸಲ ಹೋದವರು ಬಾಗಿಲ ಪಕ್ಕದ ಟೇಬಲ್ಲಿನಲ್ಲೇ ಪರ್ಸು ತೆಗೆದುಬಿಡುತ್ತಾರೆ. ಅಲ್ಲಿ ಕಂಡ ವಿಕ್ಟೋರಿಯಾ ರೂಪಾಯಿ ಒಳಗಿನ ಸಾಲುಗಳಲ್ಲಿ ಇನ್ನೂ ಹತ್ತಾರು ಕಡೆ ಇರುತ್ತದೆ. ಕೆಲವು ಅದಕ್ಕಿಂತ ಚೊಕ್ಕ, ಕೆಲವು ಅದಕ್ಕಿಂತ ಅಗ್ಗ. ಮೊಬೈಲಿನಲ್ಲಿ ಚಿತ್ರ ನೋಡಿ ಕೊಳ್ಳುವವರಿಗೆ ಸಿಗದ ಅನುಕೂಲ ಮೇಳದಲ್ಲಿ ಒಂದೇ: ಒಂದೇ ನಾಣ್ಯದ ಹತ್ತು ಪ್ರತಿಗಳನ್ನು ಒಂದೇ ದಿನ ಕೈಯಲ್ಲಿ ಹಿಡಿದು ಹೋಲಿಸಬಹುದು. ಹೋಲಿಸದೆ ಕೊಳ್ಳುವುದಾದರೆ ಮೇಳದವರೆಗೂ ಹೋಗುವ ಕೆಲಸವೇ ಇಲ್ಲ.

ಪಟ್ಟಿ ಹಿಂದಿನ ರಾತ್ರಿಯೇ ಆಗಲಿ. "ಹಳೇ ನಾಣ್ಯ" ಎಂದು ಬರೆದುಕೊಂಡರೆ ಅದು ಪಟ್ಟಿಯಲ್ಲ. "ಐದನೇ ಜಾರ್ಜ್ ಬೆಳ್ಳಿ ರೂಪಾಯಿ, ನನ್ನಲ್ಲಿಲ್ಲದ ವರ್ಷಗಳು" ಅಥವಾ "ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸು" ಎಂಬಷ್ಟು ಖಚಿತವಾಗಿರಬೇಕು. ಪ್ರತಿಯೊಂದರ ಎದುರು ಮೂರು ವಿಷಯ ಬರೆಯಿರಿ: ವರ್ಷ ಮತ್ತು ಟಂಕಸಾಲೆ, ಬೇಕಾದ ಸ್ಥಿತಿ, ಹೆಚ್ಚೆಂದರೆ ಕೊಡುವ ಬೆಲೆ. ಬೆಲೆಯನ್ನು ಹಳೆಯ ಹರಾಜುಗಳಲ್ಲಿ ನಿಜವಾಗಿ ಮಾರಾಟವಾದ ಮೊತ್ತದಿಂದ ತಿಳಿಯಬೇಕು. ಆನ್‌ಲೈನಿನಲ್ಲಿ ಯಾರೋ ಕೇಳುತ್ತಿರುವ ಬೆಲೆ ಬರೀ ಆಸೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಚೀಲದಲ್ಲಿ ಇರಬೇಕಾದವು ಕೆಲವೇ. 10 ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್. 0.01 ಗ್ರಾಂವರೆಗೆ ತೂಗುವ ಜೇಬುತಕ್ಕಡಿ, 0.1 ಗ್ರಾಂನದು ಸಾಲದು, ಏಕೆಂದು ಮುಂದೆ ಗೊತ್ತಾಗುತ್ತದೆ. ಒಂದು ಸಣ್ಣ ಆಯಸ್ಕಾಂತ, ನಾಣ್ಯದ ಅಗಲ ಅಳೆಯಲು ಪ್ಲಾಸ್ಟಿಕ್ ವರ್ನಿಯರ್, ನಾಣ್ಯ ಇಡಲು ಹತ್ತಿಪ್ಪತ್ತು ಖಾಲಿ ಹೋಲ್ಡರ್, ನೋಟು ಮಡಿಚದಂತೆ ಇಡಲು ಗಟ್ಟಿ ರಟ್ಟಿನ ಪುಸ್ತಕ, ಪೆನ್ನು. ಲೋಹದ ವರ್ನಿಯರ್ ಒಯ್ಯಬೇಡಿ, ನಾಣ್ಯದ ಅಂಚಿಗೆ ಗೀರು ಬೀಳುತ್ತದೆ. ಹಣ ಸ್ವಲ್ಪ ನಗದಾಗಿಯೇ ಇರಲಿ, 100 ಮತ್ತು 200ರ ನೋಟುಗಳು ಹೆಚ್ಚಿರಲಿ. ಜನ ಕಿಕ್ಕಿರಿದ ಸಭಾಂಗಣದಲ್ಲಿ ನೆಟ್‌ವರ್ಕ್ ಕೈಕೊಟ್ಟರೆ ಯುಪಿಐ ಸುತ್ತುತ್ತಲೇ ಇರುತ್ತದೆ, ಅಷ್ಟರಲ್ಲಿ ಪಕ್ಕದವರು ಎಣಿಸಿಕೊಟ್ಟು ನಾಣ್ಯ ಒಯ್ದಿರುತ್ತಾರೆ. ದೊಡ್ಡ ವ್ಯವಹಾರವಾದರೆ ಬ್ಯಾಂಕಿನ ಮೂಲಕವೇ ಕೊಡಿ. ಒಬ್ಬರಿಂದ ಒಂದೇ ದಿನ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನಲ್ಲಿ ಅವಕಾಶವಿಲ್ಲ.

ಒಳಗೆ ಹೋದಮೇಲೆ ಮೊದಲ ಒಂದು ಗಂಟೆ ಏನನ್ನೂ ಕೊಳ್ಳದೆ ಎಲ್ಲ ಸಾಲುಗಳನ್ನು ಸುತ್ತಿ. ಟೇಬಲ್ ಸಂಖ್ಯೆ, ನಾಣ್ಯ, ಕೇಳಿದ ಬೆಲೆ ಬರೆದುಕೊಳ್ಳಿ. ಪಟ್ಟಿಯಲ್ಲಿರುವ ಅಪರೂಪದ ವಸ್ತು ಸರಿಯಾದ ಬೆಲೆಗೆ ಕಂಡರೆ ಮಾತ್ರ ಈ ನಿಯಮ ಮುರಿಯಬಹುದು, ಎರಡನೇ ಸುತ್ತಿಗೆ ಅದು ಉಳಿದಿರುವುದಿಲ್ಲ. ಒಳ್ಳೆಯ ಮಾಲು ಮೊದಲ ದಿನವೇ ಹೋಗುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಡೀಲರುಗಳ ನಡುವೆಯೇ ಕೈ ಬದಲಾಯಿಸುತ್ತದೆ. ಕೊನೆಯ ದಿನ ಮಧ್ಯಾಹ್ನದ ಮೇಲೆ ಚೌಕಾಶಿ ಸುಲಭ. ಆಗ ಸಿಗುವುದು ಸಾಮಾನ್ಯ ಮಾಲು, ಆದರೆ ಐದಾರು ಒಟ್ಟಿಗೆ ಆರಿಸಿಕೊಂಡು "ಎಲ್ಲ ಸೇರಿಸಿ ಹೇಳಿ ಸಾರ್" ಎಂದರೆ ಬೆಲೆ ಇಳಿಯುತ್ತದೆ.

ನಾಣ್ಯವನ್ನು ಹೆಬ್ಬೆರಳು–ತೋರುಬೆರಳಿನಿಂದ ಅಂಚು ಹಿಡಿದು ಎತ್ತಿ, ಟ್ರೇ ಅಥವಾ ಬಟ್ಟೆಯ ಮೇಲೇ ಹಿಡಿದು ನೋಡಿ. ಹೋಲ್ಡರಿನಿಂದ ಹೊರತೆಗೆಯಲು, ತೂಗಲು ಮೊದಲು ಕೇಳಿ. ಒಂದನ್ನು ವಾಪಸ್ ಕೊಟ್ಟಮೇಲೆಯೇ ಇನ್ನೊಂದು. ನಾಣ್ಯದ ಮೇಲೆ ಬಾಗಿ ಮಾತಾಡಬೇಡಿ. ಎಂಜಲಿನ ಸಣ್ಣ ಹನಿ ಪ್ರೂಫ್ ನಾಣ್ಯದ (ಸಂಗ್ರಹಕಾರರಿಗೆಂದೇ ಹೊಳಪಾಗಿ ಅಚ್ಚು ಹಾಕಿದ್ದರ) ಕನ್ನಡಿ ಮೈಮೇಲೆ ಹೋಗದ ಕಲೆಯಾಗುತ್ತದೆ. ಬೆಳ್ಳಿಯ ಸದ್ದು ಕೇಳಲು ಟೇಬಲ್ಲಿಗೆ ಕುಕ್ಕುವುದಂತೂ ಬೇಡವೇ ಬೇಡ. ತೂಗಲು ಒಪ್ಪದ ಡೀಲರ್ ಇದ್ದರೆ ವಾದ ಬೇಡ, ಮುಂದಿನ ಟೇಬಲ್ಲಿಗೆ ನಡೆಯಿರಿ.

ಬೆಳ್ಳಿ ರೂಪಾಯಿ ಪರೀಕ್ಷೆ ಹೀಗೆ. 1939ರವರೆಗಿನ ಬ್ರಿಟಿಷ್ ರೂಪಾಯಿಯ ತೂಕ 11.66 ಗ್ರಾಂ, ಅದರಲ್ಲಿ ಶೇ. 91.7 ಬೆಳ್ಳಿ. ಸವೆದದ್ದು ಸ್ವಲ್ಪ ಕಡಿಮೆ ತೂಗಬಹುದು, ಆದರೆ ಅಕ್ಷರ ಚೂಪಾಗಿದ್ದೂ 11 ಗ್ರಾಂಗಿಂತ ಕೆಳಗಿದ್ದರೆ ಅಲ್ಲೇ ಬಿಡಿ. ಆಮೇಲೆ ಲೆನ್ಸ್ ಹಿಡಿದು ಮೊದಲು ಅಂಚು ನೋಡಿ. ಎರಕ ಹೊಯ್ದ ನಕಲಿನಲ್ಲಿ ಅಂಚಿನ ಸುತ್ತ ಸಣ್ಣ ಕೂಡುಗೆರೆ ಅಥವಾ ಅದನ್ನು ಅರದಿಂದ ಉಜ್ಜಿದ ಗುರುತು ಇರುತ್ತದೆ, ಮೈಮೇಲೆ ಸೂಜಿಮೊನೆಯಷ್ಟು ಗುಳಿಗಳಿರುತ್ತವೆ, ಅಕ್ಷರದ ಬುಡ ಸೋಪಿನಂತೆ ಮೊಂಡಾಗಿರುತ್ತದೆ. ಆಯಸ್ಕಾಂತಕ್ಕೆ ಅಂಟದಿದ್ದರೆ ಬೆಳ್ಳಿ ಎಂದು ತೀರ್ಮಾನಿಸಬೇಡಿ, ತಾಮ್ರ–ಸತುವಿನ ಮಿಶ್ರಣವೂ ಅಂಟುವುದಿಲ್ಲ. 1940ರಿಂದ 45ರವರೆಗಿನ ರೂಪಾಯಿಯಲ್ಲಿ ಬೆಳ್ಳಿ ಅರ್ಧದಷ್ಟೇ. 1947ರದ್ದು ನಿಕ್ಕಲ್, ಆಯಸ್ಕಾಂತಕ್ಕೆ ಟಪ್ಪನೆ ಅಂಟುತ್ತದೆ. 1939ರ ಆರನೇ ಜಾರ್ಜ್ ಬೆಳ್ಳಿ ರೂಪಾಯಿ ಅಪರೂಪ, ಆದ್ದರಿಂದಲೇ ನಕಲಿಗೂ ಗುರಿ. ವರ್ಷದ ಕೊನೆಯಲ್ಲಿರುವ "9" ಎಂಬ ಅಂಕಿಯನ್ನು ಲೆನ್ಸಿನಲ್ಲಿ ನೋಡದೆ ಮಾತೇ ಬೇಡ. 1911ರ ಐದನೇ ಜಾರ್ಜ್ ರೂಪಾಯಿಗೆ ಬೇರೆಯೇ ಕಥೆ. ದೊರೆಯ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆಂದು ಗಲಾಟೆಯಾಗಿ 1912ರಲ್ಲಿ ಅಚ್ಚು ಬದಲಾಯಿಸಿದರು. "ಹಂದಿ ರೂಪಾಯಿ" ಎಂದು ಕೇಳಿದರೆ ಎಲ್ಲ ಡೀಲರುಗಳಿಗೂ ಗೊತ್ತು.

ಮೈಸೂರಿನ ನಾಣ್ಯಗಳ ಟೇಬಲ್ ಮುಂದೆ ಕನ್ನಡಿಗರು ಹೆಚ್ಚು ಹೊತ್ತು ನಿಲ್ಲುತ್ತಾರೆ, ನಿಲ್ಲಬೇಕಾದ್ದೇ. ಮುಮ್ಮಡಿಯವರ ತಾಮ್ರದ ನಾಣ್ಯದ ಮೇಲೆ "ಮಯಿಲಿ ಕಾಸು" ಎಂಬ ಕನ್ನಡ ಅಕ್ಷರಗಳನ್ನು ನೀವೇ ಓದಬಹುದು. ಅಕ್ಷರ ಪೂರ್ತಿ ಕಾಣುವ ಪ್ರತಿಗೆ ಒಂದಿಷ್ಟು ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಟಿಪ್ಪುವಿನ ಆನೆ ನಾಣ್ಯಗಳಲ್ಲಿ ವರ್ಷ ಓದಲು ಹೊಸಬರು ತಡವರಿಸುತ್ತಾರೆ. ಆಳ್ವಿಕೆಯ ಐದನೇ ವರ್ಷದಿಂದ ಅವನು ಮೌಲೂದಿ ಶಕೆ ಎಂಬ ಬೇರೆಯೇ ವರ್ಷದೆಣಿಕೆ ಬಳಸಿದ, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. 1218 ಇದ್ದರೆ 8121 ಎಂಬಂತೆ ಕಾಣುತ್ತದೆ. ಅದನ್ನೇ ತಪ್ಪು ಅಚ್ಚು ಎಂದು ಹೇಳಿ ಹೆಚ್ಚು ಬೆಲೆ ಕೇಳುವವರಿದ್ದಾರೆ, ನಕ್ಕು ಮುಂದೆ ಹೋಗಿ.

ಚಿನ್ನದಲ್ಲಿ ತಕ್ಕಡಿಯೇ ಗುರು. ವರಹ ಸುಮಾರು 3.4 ಗ್ರಾಂ. ಹೈದರನ ವರಹದ ಒಂದು ಬದಿ ಶಿವ–ಪಾರ್ವತಿ, ಇನ್ನೊಂದು ಬದಿ ಅವನ ಹೆಸರಿನ ಮೊದಲ ಪಾರ್ಸಿ ಅಕ್ಷರ. "ಕಂಠೀರವ ಹಣ" ಎಂಬ ಚಿನ್ನದ ನಾಣ್ಯ ತೊಗರಿಬೇಳೆಯಷ್ಟು ಚಿಕ್ಕದು, ತೂಕ ಅರ್ಧ ಗ್ರಾಮೂ ಇಲ್ಲ. 0.01 ಗ್ರಾಂನ ತಕ್ಕಡಿ ಬೇಕೆಂದದ್ದು ಇದಕ್ಕೇ. ಹಣವನ್ನೂ ವರಹವನ್ನೂ ಆಭರಣಕ್ಕೆಂದು ಇಂದಿಗೂ ಅಚ್ಚು ಹಾಕುತ್ತಾರೆ, ಚಿನ್ನ ಅಸಲಿಯೇ, ನಾಣ್ಯ ಅಸಲಿಯಲ್ಲ. ಇನ್ನೊಂದು ನೋಡಬೇಕಾದ್ದು ಬೆಸುಗೆ. ಹಳೆಯ ಮನೆಗಳ ಕಾಸಿನ ಸರದಿಂದ ಬಿಚ್ಚಿದ ನಾಣ್ಯದ ನೆತ್ತಿಯಲ್ಲಿ ಕೊಂಡಿ ಕೂಡಿಸಿದ ಉಬ್ಬು ಅಥವಾ ಉಜ್ಜಿ ತೆಗೆದ ಚಪ್ಪಟೆ ಜಾಗ ಇರುತ್ತದೆ. ಅಂಥದ್ದಕ್ಕೆ ಲೋಹದ ಬೆಲೆಗಿಂತ ತುಸು ಹೆಚ್ಚು ಕೊಡಬಹುದು, ಚೊಕ್ಕ ನಾಣ್ಯದ ಬೆಲೆ ಕೊಡಬಾರದು.

ಫಳಫಳ ಹೊಳೆಯುವ ಇನ್ನೂರು ವರ್ಷದ ತಾಮ್ರ ಕಂಡರೆ ಖುಷಿಪಡಬೇಡಿ. ಹುಣಸೆಹಣ್ಣೋ ಪೀತಾಂಬರಿಯೋ ತಿಕ್ಕಿಸಿಕೊಂಡು ಬಂದಿರುತ್ತದೆ. ಲೆನ್ಸಿನಲ್ಲಿ ಒಂದೇ ದಿಕ್ಕಿನ ಕೂದಲೆಳೆಯಂಥ ಗೀರುಗಳು ಕಾಣುತ್ತವೆ. ಕಾಲ ಕೂಡಿಸಿದ ಕಂದು ಪದರ ಒಮ್ಮೆ ಹೋದರೆ ಬೆಲೆಯೂ ಹೋಯಿತು.

ನೋಟುಗಳನ್ನು ಬೆಳಕಿಗೆ ಓರೆಯಾಗಿ ಹಿಡಿದು ಮಡಿಕೆ ಎಣಿಸಿ. ತೊಳೆದು ಇಸ್ತ್ರಿ ಹಾಕಿದ ನೋಟು ನೇರವಾಗಿರುತ್ತದೆ, ಆದರೆ ಬಣ್ಣ ಪೇಲವ, ಕಾಗದಕ್ಕೆ ಗರಿಗರಿ ಇರುವುದಿಲ್ಲ. ಹಿಂದೆ ಬ್ಯಾಂಕುಗಳು ಕಟ್ಟುಗಳಿಗೆ ಪಿನ್ನು ಹೊಡೆಯುತ್ತಿದ್ದವು, ಹಾಗಾಗಿ ಹಳೆಯ ನೋಟಿನ ಎಡ ಅಂಚಿನಲ್ಲಿ ತೂತು ಸಹಜ. ತೂತಿಲ್ಲದ್ದಕ್ಕೆ ಬೆಲೆ ಹೆಚ್ಚು. ಸಂಖ್ಯೆಯ ನಡುವೆ ನಕ್ಷತ್ರವಿದ್ದರೆ ಅದು ಕೆಟ್ಟ ನೋಟಿನ ಬದಲಿಗೆ ಸೇರಿಸಿದ್ದು, 2006ರಿಂದ ಬಂದ ಪದ್ಧತಿ. 786 ಮುಂತಾದ ಫ್ಯಾನ್ಸಿ ನಂಬರಿಗೆ ನಿಗದಿಯಾದ ದರವಿಲ್ಲ, ಇಷ್ಟಪಟ್ಟು ಕೊಂಡರೆ ಸರಿ, ಹೂಡಿಕೆ ಎಂದು ಬೇಡ. 2016ರಲ್ಲಿ ರದ್ದಾದ 500, 1000ರ ನೋಟುಗಳನ್ನು ಹೆಚ್ಚು ಕೊಳ್ಳುವಂತಿಲ್ಲ: 2017ರ ಕಾನೂನಿನಂತೆ ಸಾಮಾನ್ಯರು ಒಟ್ಟು 10, ಅಧ್ಯಯನಕ್ಕೋ ನಾಣ್ಯಶಾಸ್ತ್ರಕ್ಕೋ ಆದರೆ 25, ಅದಕ್ಕಿಂತ ಹೆಚ್ಚಿದ್ದರೆ ದಂಡ.

ಮಕ್ಕಳು ಜೊತೆಗಿದ್ದರೆ ಚಿಲ್ಲರೆ ಬುಟ್ಟಿಯ ಟೇಬಲ್ಲಿಗೆ ಕರೆದೊಯ್ಯಿರಿ. ಈಗಿನ ನಾಣ್ಯಗಳಲ್ಲಿ ವರ್ಷದ ಕೆಳಗಿನ ಗುರುತು ಹುಡುಕುವುದು ಒಳ್ಳೆಯ ಆಟ: ವಜ್ರಾಕೃತಿ ಮುಂಬೈ, ನಕ್ಷತ್ರ ಹೈದರಾಬಾದ್, ಚುಕ್ಕೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ವೈಷ್ಣೋದೇವಿಯ ಚಿತ್ರವಿರುವ 5 ರೂಪಾಯಿ ನಾಣ್ಯಕ್ಕೆ ಲಕ್ಷ ಸಿಗುತ್ತದೆ ಎಂಬ ಸುದ್ದಿ ಸುಳ್ಳೆಂಬುದು ಅದು ಆ ಬುಟ್ಟಿಯಲ್ಲೇ ಬಿದ್ದಿರುವುದನ್ನು ನೋಡಿದರೇ ತಿಳಿಯುತ್ತದೆ. ಹಳೆಯ ನಾಣ್ಯ ಕೊಳ್ಳುತ್ತೇವೆಂದು ರಿಸರ್ವ್ ಬ್ಯಾಂಕಿನ ಹೆಸರಿನಲ್ಲಿ ಶುಲ್ಕ ಕೇಳುವವರನ್ನು ನಂಬಬೇಡಿ ಎಂದು ಆ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ.

ಮೇಳದ ಜೊತೆ ಹರಾಜಿದ್ದರೆ ಲಾಟುಗಳನ್ನು (ಹರಾಜಿಗಿಟ್ಟ ವಸ್ತುಗಳನ್ನು) ಮೊದಲೇ ಕೈಯಲ್ಲಿ ಹಿಡಿದು ನೋಡಿ, ಪುಸ್ತಕದ ಚಿತ್ರ ನಂಬಿ ಕೂಗಬೇಡಿ. ಕೂಗಿದ ಬೆಲೆಯ ಮೇಲೆ ಹರಾಜಿನವರ ಕಮಿಷನ್, ಅದರ ಜೊತೆ ಜಿಎಸ್‌ಟಿ ಸೇರುತ್ತದೆ. ಕಮಿಷನ್ ಶೇ. 15 ಎಂದಿದ್ದರೆ 10,000ಕ್ಕೆ ನಿಂತದ್ದು ತೆರಿಗೆಗೆ ಮುಂಚೆಯೇ 11,500. ನಿಮ್ಮ ಮಿತಿಯನ್ನು ಈ ಕೊನೆಯ ಮೊತ್ತಕ್ಕೆ ಇಟ್ಟುಕೊಳ್ಳಿ.

ಬೆಲೆಬಾಳುವುದಕ್ಕೆಲ್ಲ ರಸೀದಿ ಬೇಕು, ಅದರಲ್ಲಿ ನಾಣ್ಯದ ವಿವರ, ತೂಕ, "ಅಸಲಿಯಲ್ಲದಿದ್ದರೆ ವಾಪಸ್" ಎಂಬ ಮಾತು ಬರೆಸಿಕೊಳ್ಳಿ. "ಹೊಲ ಉಳುವಾಗ ಸಿಕ್ಕಿದ್ದು" ಎಂದು ಪಿಸುಗುಟ್ಟಿ ಮಾರುವವರಿಂದ ದೂರವಿರಿ. ಅದು ನಕಲಾಗಿದ್ದರೆ ದುಡ್ಡು ಹೋಯಿತು, ಅಸಲಾಗಿದ್ದರೆ ನಿಧಿ ಕಾನೂನಿನ ತೊಡಕು. ವಿದೇಶದಿಂದ ರಜೆಗೆ ಬಂದ ಕನ್ನಡಿಗರು ಒಂದು ಮಾತು ನೆನಪಿಡಬೇಕು: 1972ರ ಪುರಾತನ ವಸ್ತುಗಳ ಕಾಯ್ದೆಯಂತೆ ನೂರು ವರ್ಷ ದಾಟಿದ ನಾಣ್ಯವನ್ನು ದೇಶದ ಹೊರಗೆ ಒಯ್ಯುವಂತಿಲ್ಲ. ಟಿಪ್ಪು ಕಾಸು ಸೂಟ್‌ಕೇಸಿನಲ್ಲಿ ಹೋಗಬಾರದು, ಊರಿನ ಮನೆಯಲ್ಲೇ ಇರಲಿ.

ಮನೆಗೆ ಬಂದ ದಿನವೇ ಡೀಲರ್ ಕೊಟ್ಟ ಮೆತ್ತನೆಯ ಕವರುಗಳಿಂದ ನಾಣ್ಯ ತೆಗೆಯಿರಿ. ಪಿವಿಸಿ ಪ್ಲಾಸ್ಟಿಕ್ ಕಾಲಕ್ರಮೇಣ ಆಮ್ಲ ಬಿಟ್ಟು ತಾಮ್ರದ ಮೇಲೆ ಹಸಿರು ಜಿಗುಟು ಕೂರಿಸುತ್ತದೆ. ಮೈಲಾರ್ ಎಂಬ ಪಾರದರ್ಶಕ ಹಾಳೆಯ ಕಿಟಕಿಯಿರುವ ರಟ್ಟಿನ ಹೋಲ್ಡರ್ ಸಾಕು. ಅದರ ಪಿನ್ನುಗಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ, ಇಲ್ಲವಾದರೆ ಆಲ್ಬಮ್ಮಿನ ಪಕ್ಕದ ನಾಣ್ಯಕ್ಕೆ ಗೀರು. ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ, ಕರಾವಳಿ–ಮಲೆನಾಡಿನವರು ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬದಲಾಯಿಸಿ. ರಟ್ಟಿನ ಮೇಲೆ ವರ್ಷ, ತೂಕ, ಕೊಂಡ ದಿನ, ಕೊಟ್ಟ ಬೆಲೆ, ಟೇಬಲ್ ಸಂಖ್ಯೆ ಬರೆಯಿರಿ. ನಾಣ್ಯ ಒಳಗಿಡುವ ಮೊದಲೇ ಬರೆಯಿರಿ, ಆಮೇಲೆ ಒತ್ತಿ ಬರೆದರೆ ಮೈಲಾರ್ ಹರಿಯುತ್ತದೆ.