ಕೋಟೆ ಬಿಡಿಸ್ಬೇಡ್ರಿ, ಕಲ್ಲಿನ ಸಂದು ಬಿಡಿಸ್ರಿ

ಅಬ್‌ಸ್ಟ್ರಾಕ್ಟ್ ಚಿತ್ರ (ಕಂಡಿದ್ದನ್ನ ಕಂಡಂಗೇ ಬಿಡಿಸ್ದೆ ಬರೀ ಗೆರೆ, ಆಕಾರ, ಬಣ್ಣದಲ್ಲಿ ಮಾಡೋ ಚಿತ್ರ) ಅಂದ್ರೆ ಮನಸ್ಸಿಗೆ ಬಂದಂಗೆ ಬಣ್ಣ ಎರಚೋದು ಅಂತ ನಾನೂ ಅನ್ಕೊಂಡಿದ್ದೆ, ಎರಚಿದ್ದೂ ಆಯ್ತು, ಮನೇಲಿ ನೋಡಿ "ಇದ್ಯಾಕೋ ಪೇಂಟರ್ ಕೈ ಒರೆಸಿದ ಬಟ್ಟೆ ಇದ್ದಂಗೈತೆ" ಅಂದ್ರು. ಆಮೇಲೆ ಸ್ಕೆಚ್ ಬುಕ್ ಹಿಡ್ಕೊಂಡು ಚಿತ್ರದುರ್ಗದ ಕೋಟೆ ಹತ್ತೋಕೆ ಶುರು ಮಾಡ್ದೆ.

ಬೆಳಿಗ್ಗೆ ಬೇಗ ಹೋಗ್ರಿ, ಇಲ್ಲಾಂದ್ರೆ ಸಂಜೆ ಮುಂದೆ. ನಡುಮಧ್ಯಾಹ್ನ ನೆರಳೇ ಇರಲ್ಲ, ನಮಗೆ ಬೇಕಾಗಿರೋದೇ ನೆರಳು. ತಿಂಡಿ ಪೊಟ್ಟಣ ಮಾತ್ರ ಕೈಯಲ್ಲಿ ಹಿಡ್ಕೋಬೇಡ್ರಿ, ಕೋತಿಗಳು ಬಿಡಲ್ಲ.

ಏಳು ಸುತ್ತಿನ ಕೋಟೆನ ಒಂದೇ ಹಾಳೇಲಿ ತುಂಬ್ಸೋಕೆ ಹೋದ್ರೆ ಕ್ಯಾಲೆಂಡರ್ ಚಿತ್ರ ಆಗುತ್ತೆ, ನಂದೂ ಹಂಗೇ ಆಗಿತ್ತು. ಅದಕ್ಕೆ ಒಂದು ರಟ್ಟಲ್ಲಿ ಬೆಂಕಿಪೊಟ್ಟಣದಷ್ಟು ಕಿಂಡಿ ಕತ್ತರಿಸ್ಕೊಂಡು, ಒಂದು ಕಣ್ಣು ಮುಚ್ಚಿ, ಗೋಡೆ ಮೇಲೆ ಮೆಲ್ಲಗೆ ಓಡಿಸ್ರಿ. ಗಾರೆ ಇಲ್ದೆ ಕೂರ್ಸಿರೋ ಕಲ್ಲುಗಳ ಹತ್ರ ನಿಲ್ರಿ. ಸಂದುಗಳು ಇಟ್ಟಿಗೆ ಗೋಡೆ ಥರ ಸೀದಾ ಹೋಗಲ್ಲ, ಒಂದು ಕಲ್ಲಿನ ಮೂಲೆ ಕಡಿದು ಇನ್ನೊಂದನ್ನ ಅಲ್ಲಿಗೆ ಕೂರ್ಸಿರ್ತಾರೆ, ಗೆರೆ ಅಲ್ಲಿ ಮೆಟ್ಲು ಇಳಿದಂಗೆ ತಿರುಗುತ್ತೆ. ಕಲ್ಲು ಬಿಟ್ಟು ಆ ಗೆರೆ ಮಾತ್ರ ಪೆನ್ಸಿಲ್ಲಲ್ಲಿ ಎಳೀರಿ.

ಈಗ ತಿರುಗಿ ಬಂಡೆ ನೋಡ್ರಿ. ಬಿಸಿಲು ಮಳೆಗೆ ಮೂಲೆ ಸವೆದು ಗುಂಡಗಾಗಿರೋ ಗ್ರಾನೈಟು, ಮಳೆನೀರು ಇಳಿದ ಜಾಗದಲ್ಲಿ ಉದ್ದಕ್ಕೆ ಕಪ್ಪು ಪಟ್ಟೆ. ಇದನ್ನ ಬೇರೆ ಬಟರ್ ಪೇಪರ್ (ಕೆಳಗಿನ ಗೆರೆ ಕಾಣೋ ತೆಳು ಹಾಳೆ) ಮೇಲೆ ತಗೊಂಡು ಮೊದಲನೇದರ ಮೇಲಿಟ್ಟು ಸರಿಸ್ತಾ ಹೋಗ್ರಿ, ಮನುಷ್ಯ ಕಡಿದ ಗೆರೆ, ಮಳೆ ಎಳೆದ ಗೆರೆ ಎರಡೂ ಎಲ್ಲೋ ಒಂದ್ಕಡೆ ಜಗಳ ಆಡ್ತವೆ. ಆ ಜಾಗಾನೇ ನಿಮ್ಮ ಚಿತ್ರ.

ಒಂದೇ ಸಲಕ್ಕೆ ಆಗಲ್ಲ. ಡಚ್ ಕಲಾವಿದ ಮಾಂಡ್ರಿಯನ್ ಮರನೇ ಮತ್ತೆ ಮತ್ತೆ ಬರೆದ, 1911ರ "ಬೂದು ಮರ" ಚಿತ್ರದಲ್ಲಿ ಕೊಂಬೆ ಇನ್ನೂ ಗೊತ್ತಾಗುತ್ತೆ, 1913ರ ಹೊತ್ತಿಗೆ ಗೆರೆ, ಚೌಕ ಅಷ್ಟೇ ಉಳಿದ್ವು. ನಾವು ಐದು ಸಲ ಆದ್ರೂ ಬರೀಬೇಕಲ್ವಾ?

ಬಣ್ಣ ಮೂರೇ ಸಾಕು, ಅದೂ ಅಲ್ಲಿಂದಾನೇ: ಕಲ್ಲಿನ ಬೂದು, ಪಟ್ಟೆ ಕಪ್ಪು, ಒಣಹುಲ್ಲಿನ ಹಳದಿ. ದಾವಣಗೆರೆಯವ್ರು ಗಾಜಿನ ಮನೆ ಕಮಾನು, ಕುಂದವಾಡ ಕೆರೆ ನೀರಿನ ಅಲೆ ಇಟ್ಕೊಂಡೂ ಹಿಂಗೇ ಮಾಡ್ಬೋದು.

ಮುಗೀತು ಅನ್ಸಿದಾಗ ಹಾಳೆ ತಲೆಕೆಳಗೆ ಮಾಡಿ ಗೋಡೆಗೆ ಒರಗಿಸಿ ದೂರ ನಿಂತು ನೋಡ್ರಿ. ಇನ್ನೂ ಕೋಟೆ ಥರಾನೇ ಕಾಣ್ತಿದ್ರೆ ಇನ್ನೊಂದು ಬಟರ್ ಪೇಪರ್ ತಗೊಳ್ರಿ.