ಮೊದಲ ಸಂಶೋಧನಾ ಅನುದಾನಕ್ಕೆ ಅರ್ಜಿ ಹಾಕುವುದು ಹೇಗೆ?

ಪಿಎಚ್‌.ಡಿ. ಮುಗಿಸಿ ಮಂಗಳೂರು, ಉಡುಪಿಯ ಕಾಲೇಜುಗಳಲ್ಲಿ ಸಹಾಯಕ ಪ್ರಾಧ್ಯಾಪಕರಾದವರು ಮೊದಲು ನೋಡಬೇಕಾದ್ದು ನೇಮಕಾತಿ ಆದೇಶದ ದಿನಾಂಕ. ಹೊಸಬರಿಗೆಂದೇ ಇರುವ ಅನುದಾನಗಳಿಗೆ ವಯೋಮಿತಿ ಇರುತ್ತದೆ. ಹಲವಕ್ಕೆ ಕೆಲಸಕ್ಕೆ ಸೇರಿ ಇಂತಿಷ್ಟೇ ವರ್ಷವಾಗಿರಬೇಕು ಎಂಬ ಷರತ್ತೂ ಉಂಟು. ಪಾಠ, ಮೌಲ್ಯಮಾಪನ, ಕಾಲೇಜಿನ ಮಾನ್ಯತೆಗೆ ಬೇಕಾದ ನ್ಯಾಕ್ ಕಡತಗಳ ನಡುವೆ ಆ ಅವಧಿ ಜಾರಿಹೋಗುತ್ತದೆ. ಸೇರಿದ ಸೆಮಿಸ್ಟರ್‌ನಲ್ಲೇ ತಯಾರಿ ಶುರುಮಾಡಿ.

ಎಲ್ಲಿ ಹುಡುಕಬೇಕು?

ವಿಜ್ಞಾನ, ಎಂಜಿನಿಯರಿಂಗ್‌ನವರಿಗೆ ಮುಖ್ಯವಾದದ್ದು ಅನುಸಂಧಾನ್ ನ್ಯಾಷನಲ್ ರಿಸರ್ಚ್ ಫೌಂಡೇಶನ್. 2023ರ ಕಾಯ್ದೆಯಡಿ ರೂಪುಗೊಂಡ ಇದು ಹಿಂದಿನ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿಯ (ಎಸ್‌ಇಆರ್‌ಬಿ) ಜಾಗಕ್ಕೆ ಬಂದಿದೆ. ಇದರ ಪ್ರಧಾನಮಂತ್ರಿ ಅರ್ಲಿ ಕೆರಿಯರ್ ರಿಸರ್ಚ್ ಗ್ರ್ಯಾಂಟ್‌ನಲ್ಲಿ 3 ವರ್ಷಕ್ಕೆ 60 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಕಾಯಂ ಹುದ್ದೆ ಬೇಕು. ಸಮಾಜವಿಜ್ಞಾನಕ್ಕೆ ಭಾರತೀಯ ಸಮಾಜವಿಜ್ಞಾನ ಸಂಶೋಧನಾ ಮಂಡಳಿ (ಐಸಿಎಸ್‌ಎಸ್‌ಆರ್), ವೈದ್ಯಕೀಯಕ್ಕೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್), ರಾಜ್ಯ ಮಟ್ಟದಲ್ಲಿ ವಿಷನ್ ಗ್ರೂಪ್ ಆನ್ ಸೈನ್ಸ್ ಅಂಡ್ ಟೆಕ್ನಾಲಜಿ (ವಿಜಿಎಸ್‌ಟಿ) ಇವೆ. ನಿಮ್ಮ ಸಂಸ್ಥೆಯಲ್ಲೇ ಬೀಜಧನ (ಆರಂಭಕ್ಕೆಂದು ಕೊಡುವ ಸಣ್ಣ ಮೊತ್ತ) ಕೊಡುವುದಾದರೆ ಅದನ್ನು ಬಿಡಬೇಡಿ. ಅದರಲ್ಲಿ ಸಿಕ್ಕ ಪ್ರಾಥಮಿಕ ದತ್ತಾಂಶ ದೊಡ್ಡ ಅರ್ಜಿಗೆ ಬಲ ಕೊಡುತ್ತದೆ.

ಪ್ರಶ್ನೆಯನ್ನು ಕಿರಿದು ಮಾಡಿ

'ಕರಾವಳಿಯಲ್ಲಿ ಪ್ಲಾಸ್ಟಿಕ್ ಮಾಲಿನ್ಯದ ಅಧ್ಯಯನ' ಎಂದು ಬರೆದರೆ ಪರಿಶೀಲಕರಿಗೆ ಏನೂ ತಿಳಿಯುವುದಿಲ್ಲ. 'ನೇತ್ರಾವತಿ ಅಳಿವೆಯ ಕೆಸರಿನಲ್ಲಿರುವ ಮೈಕ್ರೋಪ್ಲಾಸ್ಟಿಕ್ ಪ್ರಮಾಣ ಮಳೆಗಾಲದ ಮೊದಲು ಮತ್ತು ನಂತರ ಎಷ್ಟು ಬದಲಾಗುತ್ತದೆ' ಎಂದರೆ ಜಾಗ, ಕಾಲ, ಅಳತೆ ಮೂರೂ ಸಿಕ್ಕವು. ಇಷ್ಟಾದ ಮೇಲೆ ಎಷ್ಟು ಕಡೆ, ಎಷ್ಟು ಸಲ ಮಾದರಿ ತೆಗೆಯುತ್ತೀರಿ, ಯಾವ ಉಪಕರಣದಲ್ಲಿ ಗುರುತಿಸುತ್ತೀರಿ ಎಂದು ಬರೆಯುವುದು ಕಷ್ಟವಲ್ಲ.

ವೇಳಾಪಟ್ಟಿಯಲ್ಲಿ ನಮ್ಮೂರಿನ ವಾಸ್ತವ ಇರಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಆ ಎರಡು ತಿಂಗಳು ಟ್ರಾಲ್ ಬೋಟ್‌ನಲ್ಲಿ ಕಡಲಿಗೆ ಹೋಗಿ ಮಾದರಿ ತರುತ್ತೇವೆಂದು ಬರೆದರೆ, ಕರಾವಳಿ ಬಲ್ಲವರು ಅಲ್ಲಿಗೇ ಅರ್ಜಿಯ ಮೇಲೆ ನಂಬಿಕೆ ಕಳೆದುಕೊಳ್ಳುತ್ತಾರೆ.

ಬಜೆಟ್

ಬಹಳಷ್ಟು ಅರ್ಜಿಗಳು ಎಡವುವುದು ಇಲ್ಲೇ. ಯೋಜನೆಯಲ್ಲಿ ದುಡಿಯುವ ಕಿರಿಯ ಸಂಶೋಧಕರು (ಜೆಆರ್‌ಎಫ್) ಒಬ್ಬರಿಗೆ ತಿಂಗಳಿಗೆ 37,000 ರೂಪಾಯಿಯಂತೆ 2 ವರ್ಷ, ನಂತರ ಹಿರಿಯ ಸಂಶೋಧಕರು (ಎಸ್‌ಆರ್‌ಎಫ್) ಆಗಿ 42,000ದಂತೆ 1 ವರ್ಷ ಎಂದರೆ 13.92 ಲಕ್ಷ. ಇದರ ಮೇಲೆ ಮನೆಬಾಡಿಗೆ ಭತ್ಯೆ ಸೇರಬೇಕು. ಈ ಭತ್ಯೆಗೆಂದು ಕೇಂದ್ರ ಸರ್ಕಾರ ಮಾಡಿದ ನಗರಗಳ ವರ್ಗೀಕರಣದಲ್ಲಿ ಮಂಗಳೂರು 'ವೈ' ವರ್ಗದ ನಗರ, ಉಡುಪಿ 'ಝಡ್' ವರ್ಗ. ದರ ಒಂದೇ ಅಲ್ಲ.

ಉಪಕರಣದ ಕೊಟೇಶನ್‌ನಲ್ಲಿ ಜಿಎಸ್‌ಟಿ ಸೇರಿದೆಯೇ ನೋಡಿ. ಶೇ 18 ತೆರಿಗೆ ಇದ್ದರೆ 12 ಲಕ್ಷದ ಯಂತ್ರಕ್ಕೆ 2.16 ಲಕ್ಷ ಹೆಚ್ಚಾಗುತ್ತದೆ. ಮಂಜೂರಾದ ಮೇಲೆ ಈ ಹಣ ಯಾರೂ ಕೊಡುವುದಿಲ್ಲ, ರಾಸಾಯನಿಕಗಳಿಗೆ ಇಟ್ಟದ್ದನ್ನೇ ಕಡಿತ ಮಾಡಬೇಕಾಗುತ್ತದೆ. ಸುರತ್ಕಲ್ ಎನ್‌ಐಟಿಕೆಯಲ್ಲೋ ಕೊಣಾಜೆಯ ವಿಶ್ವವಿದ್ಯಾಲಯದಲ್ಲೋ ಆ ಯಂತ್ರ ಬಳಸಲು ಅವಕಾಶ ಸಿಗುವುದಾದರೆ, ಖರೀದಿ ಬಿಟ್ಟು ಪರೀಕ್ಷಾ ಶುಲ್ಕವನ್ನು ಮಾತ್ರ ತೋರಿಸಿ. ಚಿಕ್ಕ ಬಜೆಟ್‌ಗೆ ಇದೇ ಜಾಣತನ.

ಸಹಿ, ಅನುಮತಿ

ಪ್ರಾಂಶುಪಾಲರ ಅಥವಾ ಕುಲಸಚಿವರ ಅನುಮೋದನಾ ಪತ್ರ ನಿಗದಿತ ನಮೂನೆಯಲ್ಲೇ, ಸಹಿ ಮುದ್ರೆ ಸಮೇತ ಇರಬೇಕು. ಕೊನೆಯ ದಿನಕ್ಕೆ ಎರಡು ವಾರ ಮೊದಲೇ ಕೇಳಿ. ಅಧ್ಯಯನದಲ್ಲಿ ಮನುಷ್ಯರು ಭಾಗವಹಿಸುವುದಾದರೆ ಸಾಂಸ್ಥಿಕ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಸಮಿತಿ ದಿನವೂ ಸೇರುವುದಿಲ್ಲ, ಸಭೆಯ ದಿನಾಂಕ ವಿಚಾರಿಸಿಟ್ಟುಕೊಳ್ಳಿ. ಪೋರ್ಟಲ್‌ನಲ್ಲಿ ಅಪ್‌ಲೋಡ್ ಮಾಡಿದ ಪಿಡಿಎಫ್ ತೆರೆಯುತ್ತದೆಯೇ ಎಂದು ಒಮ್ಮೆ ನೋಡಿದ ಮೇಲೆಯೇ ಸಬ್‌ಮಿಟ್ ಒತ್ತಿ.

ತಿರಸ್ಕೃತವಾದರೆ ಪರಿಶೀಲಕರ ಟಿಪ್ಪಣಿ ತೆಗೆದುಕೊಂಡು, ಒಂದೊಂದಕ್ಕೂ ಪ್ರಸ್ತಾವನೆಯಲ್ಲೇ ಉತ್ತರ ಸೇರಿಸಿ ಮುಂದಿನ ಕರೆಗೆ ಮತ್ತೆ ಹಾಕಿ.